ಹಾಜರಿ

ಸುತ್ತೋಲೆಯಲ್ಲಿ ‘ವಸಂತ ವಿಹಾರ’ ಎಂದು ಬರೆದವಳು ನಾನೇ.
ಕಿಣಿ ಮಾಸ್ಟ್ರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೀಚಿದರು:
ನಮ್ಮಲ್ಲಿ ಎಲ್ಲಿಯ ವಸಂತ? ಚಳಿ ಮುಗಿದರೆ ಸೆಕೆ.
ಕೊಡೆ ತನ್ನಿ.

ಪುಸ್ತಕದಲ್ಲಿ ಅರವತ್ತೆರಡು ಹೆಸರುಂಟು.
ಆರೂವರೆಗೆ ಮಟ್ಟುವಿನ ಸೇತುವೆ ಬಳಿ ಸೇರಿದವರು ಎಂಟು ಮಂದಿ,
ಕಟಪಾಡಿಯಿಂದ ಹಿಂದೆಯೇ ಬಂದ ನಾಯಿಯನ್ನು ಬಿಟ್ಟು,
ಸ್ಕೂಟರಿನ ಮೇಲೆ ನಿದ್ದೆ ಮುಂದುವರಿಸಿದ
ಐರಿನ್ ಟೀಚರ ಮೊಮ್ಮಗನನ್ನು ಸೇರಿಸಿ.

ಅತ್ತ ಕಡಲು, ಇತ್ತ ಹೊಳೆ,
ನಡುವೆ ಒಂದು ರಸ್ತೆ, ಒಂದು ಸಾಲು ತೆಂಗು,
ಯಾರದೋ ಅಂಗಳದಲ್ಲಿ ಹರಡಿದ ನಿನ್ನೆಯ ಮೀನು.
ಮಾವಿನ ಹೂ ಮಿಡಿಯಾಗಿ, ಮಿಡಿ ಉದುರಿ,
ಚಪ್ಪಲಿಯಡಿ ಸೊನೆಯಾಗಿ ಅಂಟುವ ಕಾಲ.
ಕೋಗಿಲೆ ಕೂಗಿತು. ಮಾಸ್ಟ್ರು ಗಡಿಯಾರ ನೋಡಿದರು:
ನೀರು ಇಳಿಯುವುದಕ್ಕೆ ಇನ್ನೂ ಇಪ್ಪತ್ತು ನಿಮಿಷ.

ಹೋದ ವರ್ಷ, ಮಳೆ ಬಿಟ್ಟ ಮೇಲೆ,
ಮುನ್ನೂರ ಹತ್ತು ಕಾಂಡ್ಲಾ ಕೋಡು ಊರಿದ್ದೆವು ಈ ಕೆಸರಿನಲ್ಲಿ.
ಒಂದೊಂದಕ್ಕೂ ಒಂದು ಬಿದಿರುಕಡ್ಡಿ,
ಕಡ್ಡಿಗೊಂದು ಚಿಂದಿ, ಝೊಹರಾಳ ಹೊಲಿಗೆ ಅಂಗಡಿಯದ್ದು:
ಯಾರದೋ ಮದುವೆಯ ರವಿಕೆ, ಯಾರದೋ ಶಾಲೆಯ ನೀಲಿ.
ಪೇಪರಿನವರೂ ಬಂದಿದ್ದರು.
ಆ ದಿನ ಅರವತ್ತೆರಡೂ ಹಾಜರು.

ಇವತ್ತು ಕಡ್ಡಿಗಳು ನಿಂತಿವೆ.
ರೇಶಿಮೆ ಬಿಸಿಲಿಗೆ ಬಿಳಿಚಿ ಇನ್ನೂ ಹಾರುತ್ತಿದೆ.
ಬುಡದಲ್ಲಿ, ಗಿಡ ಇರಬೇಕಾದಲ್ಲಿ,
ಏಡಿ ತೋಡಿದ ಬಿಲ, ಶ್ಯಾಂಪೂ ಪೊಟ್ಟಣ, ನೀರು.
ಮಾಸ್ಟ್ರು ಗಟ್ಟಿಯಾಗಿ ಎಣಿಸಿದರು: ಹನ್ನೊಂದು.
ಆ ತುದಿಯಿಂದ ಎಣಿಸಿದಾಗ ಹತ್ತು.
ಮೂರನೆಯ ಸಲ ಯಾರೂ ಎಣಿಸಲಿಲ್ಲ.

ಸೊಂಟಮಟ್ಟ ನೀರಿನಲ್ಲಿ ಅಪ್ಪಿಯಕ್ಕ,
ಕಾಲ್ಬೆರಳಿಂದಲೇ ತಳ ತಡವಿ ಮರುವಾಯಿ ಹೆಕ್ಕುತ್ತಿದ್ದವಳು,
ತೇಲುವ ಪಾತ್ರೆಯನ್ನು ಹಿಂದೆ ಎಳೆಯುತ್ತ ಹತ್ತಿರ ಬಂದಳು.
“ಎಂತ ಬಿದ್ದುಹೋಯಿತು ನಿಮ್ಮದು? ಉಂಗುರವಾ?”
“ಗಿಡ,” ಎಂದೆ.
ನಗು ತಡೆಯಲಾಗಲಿಲ್ಲ ಅವಳಿಗೆ.
“ಅಲ್ಲಿ ನೀರು ಓಡುವುದು ಮಾರಾಯ್ರೆ.
ಓಡುವಲ್ಲಿ ಯಾರು ಒಕ್ಕಲು ಕೂರುತ್ತಾರೆ?”
ಕೈ ಎರಡೂ ತುಂಬಿದ್ದರಿಂದ ಗಲ್ಲದಿಂದ ತೋರಿಸಿದಳು
ಮುರಿದ ದೋಣಿಯ ಆಚೆ, ಹೊಳೆ ಮೊಣಕೈ ಮಡಚಿದಲ್ಲಿ.

ಅಲ್ಲಿದ್ದವು.
ತಾಯಿಯ ಕೊಂಬೆಯಲ್ಲೇ ಮೊಳೆತು, ಕಳಚಿ,
ಯಾವ ಅಮಾವಾಸ್ಯೆಯ ಉಬ್ಬರಕ್ಕೋ ತೇಲಿ ಬಂದು
ದೋಣಿಯ ಮರೆಗೆ ನಿಂತವು,
ಬಿಡಿಸಿ ಎಣಿಸಲಾಗದಷ್ಟು ಒತ್ತೊತ್ತಾಗಿ.
ಕಡ್ಡಿಯಿಲ್ಲ, ಚಿಂದಿಯಿಲ್ಲ, ಸಂಘವಿಲ್ಲ.
ಝೊಹರಾ ಚೀಲದಿಂದ ಹೊಸ ಬಟ್ಟೆಚೂರು ತೆಗೆದವಳು
ಅದರಲ್ಲೇ ಮುಖ ಒರೆಸಿಕೊಂಡಳು.

ಆಮೇಲೆ ಕಟ್ಟೆಯ ಮೇಲೆ ಸ್ಟೀಲ್ ಲೋಟ, ಪುನರ್ಪುಳಿ ಪಾನಕ,
ತಣ್ಣಗಾದ ಗೋಳಿಬಜೆ. ಮೊಮ್ಮಗ ಯಾವಾಗ ಎದ್ದನೋ,
ಮೊಣಕಾಲವರೆಗೆ ಕೆಸರು.
“ನೀವೂ ಸದಸ್ಯರಾಗಿ,” ಎಂದರು ಮಾಸ್ಟ್ರು, “ವರ್ಷಕ್ಕೆ ನೂರು.”
“ನನಗೆ ಕೊಡುವುದಾ?” ಎಂದಳು ಅಪ್ಪಿಯಕ್ಕ,
ನಾಲ್ಕನೆಯದು ತಿನ್ನುತ್ತ.
ಯಾರೂ ಉತ್ತರಿಸಲಿಲ್ಲ. ಐದನೆಯದು ನಾಯಿಗೆ ಸಿಕ್ಕಿತು.

ವರದಿಯಲ್ಲಿ ‘ಬದುಕಿದ ಗಿಡ’ ಎಂಬ ಕಾಲಂ ಉಂಟು.
ಹನ್ನೊಂದು ಬರೆದು, ಹೊಡೆದು, ಹತ್ತು ಬರೆದು,
ಪುಟದ ಮೇಲೆ ಒಣಗಿದ ನನ್ನದೇ ಹೆಬ್ಬೆರಳಿನ ಕೆಸರು ನೋಡುತ್ತ
ರಾತ್ರಿ ಫ್ಯಾನಿನ ಕೆಳಗೆ ಕೂತಿದ್ದೆ.
ಐರಿನ್ ಟೀಚರ ಫೋನು. ಮಾತಾಡಿದ್ದು ಮೊಮ್ಮಗ:
ಜೇಬಿನಲ್ಲಿ ಪೆನ್ನಿನ ಹಾಗೆ ಒಂದು ಕೋಡು ತಂದಿದ್ದೇನೆ,
ದೋಣಿಯ ಹತ್ತಿರದ್ದು. ಲೋಟದಲ್ಲಿ ನಿಲ್ಲಿಸಿದ್ದೇನೆ.
ನೀರಿಗೆ ಉಪ್ಪು ಎಷ್ಟು ಹಾಕಬೇಕು?